ಅವರು ನಿಮಗೆ ಏನಾಗಬೇಕು?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕಳೆದ ಮಳೆಗಾಲದಿಂದ ವಂಶವೃಕ್ಷದ ಆ್ಯಪ್ ಒಂದನ್ನು ವರ್ಷದ ಚಂದಾ ಕಟ್ಟಿ ಬಳಸುತ್ತಿದ್ದೇವೆ. 200ಕ್ಕೂ ಹೆಚ್ಚು ಹೆಸರುಗಳನ್ನು ತುಂಬಿಯಾಗಿದೆ. ಹೆಸರು, ಹುಟ್ಟಿದೂರು, ಫೋಟೋ ಸೇರಿಸುವುದು ಸಲೀಸು. ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಕ್ಕಳು ನಮ್ಮಲ್ಲಿ ಮೂವರಿದ್ದರೂ ಎಲ್ಲಿಯೂ ಕಲಸಿಹೋಗಲಿಲ್ಲ. ತುಂಬಿದ್ದೆಲ್ಲವನ್ನೂ ವಂಶವೃಕ್ಷದ ಬೇರೆ ತಂತ್ರಾಂಶಗಳೂ ಓದಬಲ್ಲ ಜೆಡ್‌ಕಾಮ್ ಕಡತವಾಗಿ ಇಳಿಸಿಕೊಳ್ಳಬಹುದಾದ್ದರಿಂದ, ನಾಳೆ ಬೇರೆ ತಂತ್ರಾಂಶಕ್ಕೆ ಹೋದರೂ ಪಟ್ಟ ಶ್ರಮ ನೀರುಪಾಲಾಗದು.

ತೊಡಕಿರುವುದು ನಂಟು ಹೇಳುವ ಗುಂಡಿಯಲ್ಲಿ. ನಾವು ದುಡ್ಡು ಕೊಟ್ಟಿದ್ದು ಮುಖ್ಯವಾಗಿ ಅದಕ್ಕೇ. ಅಪ್ಪನ ಚಿಕ್ಕಪ್ಪನ ಮಗ ನಮಗೆ ಚಿಕ್ಕಪ್ಪನಾದರೆ, ಆ್ಯಪ್ ಅವರನ್ನು 'ಫಸ್ಟ್ ಕಸಿನ್ ಒನ್ಸ್ ರಿಮೂವ್ಡ್' ಎನ್ನುತ್ತದೆ. ದೊಡ್ಡಪ್ಪನ ಮಗಳೂ ಸೋದರಮಾವನ ಮಗಳೂ ಅದಕ್ಕೆ ಬರಿಯ ಕಸಿನ್‌ಗಳು. ಮೊದಲನೆಯವಳು ಒಡಹುಟ್ಟಿದವಳಿಗೆ ಸಮ, ಎರಡನೆಯವಳನ್ನು ಮನೆಗೆ ಸೊಸೆಯಾಗಿ ತರಬಹುದು ಎನ್ನುವ ನಮ್ಮಂಥ ಮನೆಗಳಲ್ಲಿ ಇದು ಸಣ್ಣ ಎಡವಟ್ಟಲ್ಲ. ನನ್ನ ಅಣ್ಣ ಮದುವೆಯಾಗಿರುವುದು ಸೋದರತ್ತೆಯ ಮಗಳನ್ನು. ನನಗಿಂತ ದೊಡ್ಡವರಾದ ಅವರನ್ನು ಚಿಕ್ಕಂದಿನಿಂದಲೂ ಅತ್ತಿಗೆ ಎಂದೇ ಕರೆಯುತ್ತಿದ್ದೆ, ಧಾರೆಯಾದ ಮೇಲೂ ಅತ್ತಿಗೆಯೇ. ಕನ್ನಡಕ್ಕೆ ಒಂದೇ ಪದ ಸಾಕಾದಲ್ಲಿ ಆ್ಯಪ್ ಎರಡು ದಾರಿ ತೋರಿಸಿ, ಯಾವುದನ್ನು ಹಿಡಿಯಬೇಕೆಂದು ನನ್ನನ್ನೇ ಕೇಳುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ತಮಿಳು, ತೆಲುಗುಗಳ ಜೊತೆಗೆ ಕನ್ನಡದ ಸಂಬಂಧವಾಚಕಗಳನ್ನೂ 1871ರಲ್ಲೇ ಕೋಷ್ಟಕ ಮಾಡಿ ಅಚ್ಚು ಹಾಕಿಸಿದ್ದರು ಎಂಬುದನ್ನು ನೆನೆದರೆ, ಇದಕ್ಕೆ ತಂತ್ರಜ್ಞಾನದ ನೆಪ ಹೇಳುವುದು ಕಷ್ಟ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಇಬ್ಬರಿಗೂ ಸಾಮಾನ್ಯರಾದ ಹಿರಿಯರ ಹೆಸರು ಸಿಗದಿದ್ದರೆ ಆ್ಯಪ್ 'ಸಂಬಂಧವಿಲ್ಲ' ಎಂದುಬಿಡುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ಶರಾವತಿ ಹಿನ್ನೀರು ಏರಿದಾಗ ಹೊಸನಗರದ ಕಡೆಯಿಂದ ಎದ್ದುಹೋದ ನೆಂಟರ ಮನೆಯೊಂದಿದೆ. ಮೂರು ತಲೆಮಾರಿನಾಚೆಯ ಹೆಸರುಗಳು ಅವರಲ್ಲೂ ಉಳಿದಿಲ್ಲ, ನಮ್ಮಲ್ಲೂ ಇಲ್ಲ. ಆ ಮನೆಯ, ನನಗಿಂತ ಹಿರಿಯರೊಬ್ಬರ ವಿಷಯ ತೆಗೆದಾಗ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಕೇಳಿದ್ದು ಇಷ್ಟೇ: "ಅವನು ನಿನ್ನಪ್ಪನನ್ನ ಏನಂತ ಕರೀತಿದ್ದ?" ಮಾವ ಅಂತ, ಎಂದೆ. "ಹಾಗಾದ್ರೆ ನಿನಗೆ ಭಾವ ಆಗ್ಬೇಕು." ದೊಡ್ಡಪ್ಪ ಎಂದು ಕರೆಯುತ್ತಿದ್ದರೆ ಅಣ್ಣನಾಗುತ್ತಿದ್ದರು. ಮೂಲಪುರುಷನನ್ನು ಹುಡುಕುವ ಗೋಜಿಲ್ಲ. ತಲೆಮಾರು, ಕಡೆ (ಒಡಹುಟ್ಟಿದವರ ಸಾಲೋ, ಮದುವೆಯ ನಂಟಿನ ಸಾಲೋ) ಮತ್ತು ವಯಸ್ಸು ಈ ಮೂರು ತಿಳಿದರೆ ಲೆಕ್ಕ ಮುಗಿಯುತ್ತದೆ. ಇದನ್ನು ತಂತ್ರಾಂಶಕ್ಕೆ ಕಲಿಸಲಾಗದು ಎಂದು ನನಗನ್ನಿಸುವುದಿಲ್ಲ.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಈ ಆ್ಯಪ್‌ನ ಮುದ್ರಿತ ಪ್ರತಿ ನಡೆಯುವುದಿಲ್ಲ, ಅದಕ್ಕೆ ನಾಡಕಚೇರಿಯ ವಂಶವೃಕ್ಷವೇ ಬೇಕು. ಆದರೂ ಅರ್ಜಿ ತುಂಬುವಾಗ ತೀರಿಕೊಂಡವರ ಹೆಸರು, ದಿನಾಂಕಗಳು ಒಂದೆಡೆ ಸಿಕ್ಕಿದ್ದು ದೊಡ್ಡ ಉಪಕಾರವಾಯಿತು. ದಾಖಲೆಯ ಪೆಟ್ಟಿಗೆಯಾಗಿ 5ಕ್ಕೆ 4, ನಂಟು ಹೇಳುವುದರಲ್ಲಿ 1 ಕೊಡುತ್ತೇನೆ. ಸದ್ಯಕ್ಕೆ ಪ್ರತಿ ಹೆಸರಿನ ಟಿಪ್ಪಣಿ ಜಾಗದಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಅಜ್ಜಿಯಿಂದ ಕೇಳಿ ಬರೆದುಕೊಳ್ಳುತ್ತಿದ್ದೇನೆ.