ಶ್ವಾಸಕೋಶದ ಅಧಿಕ ರಕ್ತದೊತ್ತಡಕ್ಕೆ ಚಿಕಿತ್ಸೆ: ಹದಿನಾಲ್ಕು ತಿಂಗಳಲ್ಲಿ ನನಗೆ ಸಿಕ್ಕಿದ್ದೆಷ್ಟು

ಬೆಳಿಗ್ಗೆ ಬಗ್ಗಿ ರಂಗೋಲಿಯ ಚುಕ್ಕಿ ಇಡುವಾಗ ಉಸಿರು ಕಟ್ಟುತ್ತಿತ್ತು. ಐದು ಚುಕ್ಕಿ ಇಟ್ಟು ನೆಟ್ಟಗೆ ನಿಂತು, ಬಾಗಿಲ ಚೌಕಟ್ಟು ಹಿಡಿದು ಸುಧಾರಿಸಿಕೊಂಡು ಮತ್ತೆ ಬಗ್ಗಬೇಕಿತ್ತು. ಆಗ ನನಗೆ 34 ವರ್ಷ, ತಿಪಟೂರಿನ ಹತ್ತಿರ ಶಾಲಾ ಶಿಕ್ಷಕಿ. ಒಂದೂವರೆ ವರ್ಷ ಆಸ್ತಮಾ ಎಂದುಕೊಂಡು ಇನ್‌ಹೇಲರ್ ಎಳೆದೆ. ಪಾದ ಊದಿಕೊಂಡು, ಶಾಲೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದ ಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರು. ಅಲ್ಲಿಂದ ಬೆಂಗಳೂರಿನ ಒಂದು ಆಸ್ಪತ್ರೆಯ ಪಿ.ಎ.ಎಚ್. (ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಏರುವ ಕಾಯಿಲೆ) ವಿಭಾಗಕ್ಕೆ ಹೋದೆ. ಅಲ್ಲಿನ ಸೇವೆ ಹೇಗಿದೆ, ಚಿಕಿತ್ಸೆಯಿಂದ ಏನು ನಿರೀಕ್ಷಿಸಬಹುದು ಎಂದು ಈ ಕಾಯಿಲೆಯ ಹೆಸರು ಈಗಷ್ಟೇ ಕೇಳಿ ಕಂಗಾಲಾದವರಿಗಾಗಿ ಬರೆಯುತ್ತಿದ್ದೇನೆ.

ಎಕೋ ಹೇಳುವುದು ಅಂದಾಜು ಮಾತ್ರ. ಕುತ್ತಿಗೆಯ ರಕ್ತನಾಳದಿಂದ ಹೃದಯದ ಬಲಭಾಗಕ್ಕೆ ಕ್ಯಾಥೆಟರ್ ಎಂಬ ಸಣ್ಣ ನಳಿಕೆ ಇಳಿಸಿ ಒತ್ತಡ ಅಳೆಯದೆ ಮಾತ್ರೆ ಬರೆಯುವುದಿಲ್ಲ ಎಂದು ವೈದ್ಯರು ಪಟ್ಟು ಹಿಡಿದರು. ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು. ನಾನು ಎಚ್ಚರವಾಗಿಯೇ ಇದ್ದೆ. ಶ್ವಾಸಕೋಶದ ರಕ್ತನಾಳದ ಸರಾಸರಿ ಒತ್ತಡ 52 (ಮಿ.ಮೀ. ಪಾದರಸ) ಬಂತು. 20 ದಾಟಿದರೇ ಹೆಚ್ಚು ಎಂದು ಲೆಕ್ಕ. ಆ ರಾತ್ರಿ ನನ್ನ ಯಜಮಾನರು ಮೊಬೈಲಿನಲ್ಲಿ ಓದಿದ್ದು ಒಂದೇ ಸಾಲು: ಬದುಕುವುದು ಸರಾಸರಿ 2.8 ವರ್ಷ. ಮರುದಿನ ವೈದ್ಯರು ಕುಳಿತು ವಿವರಿಸಿದರು. ಅದು 1980ರ ದಶಕದಲ್ಲಿ ಅಮೆರಿಕದಲ್ಲಿ ದಾಖಲಾದ ರೋಗಿಗಳ ಲೆಕ್ಕ, ಈಗಿನ ಔಷಧಿಗಳು ಆಗ ಇರಲಿಲ್ಲ. ಆ ಹದಿನೈದು ನಿಮಿಷಕ್ಕೆ ನಾನು ಜೀವನಪೂರ್ತಿ ಋಣಿ.

ನನಗೆ ಕೊಟ್ಟಿದ್ದು ಶ್ವಾಸಕೋಶದ ರಕ್ತನಾಳಗಳನ್ನು ಸಡಿಲಿಸುವ ಮಾತ್ರೆಗಳಾದ ಟಡಾಲಾಫಿಲ್ ಮತ್ತು ಆಂಬ್ರಿಸೆಂಟಾನ್, ಎರಡೂ ಒಟ್ಟಿಗೆ. ಹೀಗೆ ಜೊತೆಯಾಗಿ ಆರಂಭಿಸಿದವರ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನವನ್ನು ವೈದ್ಯರು ತೋರಿಸಿದರು. 24 ವಾರಗಳಲ್ಲಿ ಆರು ನಿಮಿಷದ ನಡಿಗೆ ಸುಮಾರು 49 ಮೀಟರ್ ಹೆಚ್ಚಿತ್ತು, ಒಂದೇ ಮಾತ್ರೆಯವರಲ್ಲಿ 24 ಮೀಟರ್. ನಿಜ ಹೇಳುತ್ತೇನೆ, 49 ಮೀಟರ್ ಎಂದಾಗ ನನಗೆ ಅಳು ಬಂತು. ಇಷ್ಟಕ್ಕಾಗಿ ಇಷ್ಟೆಲ್ಲವೇ ಎನಿಸಿತು.

ಆ ನಡಿಗೆಯ ಪರೀಕ್ಷೆ ಹೀಗಿರುತ್ತದೆ. ಮೂವತ್ತು ಮೀಟರಿನ ಮೊಗಸಾಲೆ, ಎರಡು ತುದಿಗೂ ಒಂದೊಂದು ಕುರ್ಚಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. "ಓಡಬೇಡಿ ಮೇಡಂ. ಆಗದಿದ್ದರೆ ನಿಲ್ಲಿ, ಗಡಿಯಾರ ಮಾತ್ರ ನಿಲ್ಲುವುದಿಲ್ಲ" ಎಂದರು ನರ್ಸ್. ಮೊದಲ ದಿನ 270 ಮೀಟರ್, ಎರಡು ಸಲ ಕುಳಿತೆ. ಮೂರು ತಿಂಗಳಿಗೆ 338. ಆರು ತಿಂಗಳಿಗೆ 372, ಕುಳಿತುಕೊಳ್ಳಲಿಲ್ಲ. ಮೊನ್ನೆ 410. ಈ ಅಂಕಿಗಳ ಬೆಲೆ ಗೊತ್ತಾಗಿದ್ದು ಮನೆಯಲ್ಲಿ: ನೀರು ಕಾಯಿಸಿಕೊಂಡು ಒಬ್ಬಳೇ ತಲೆಸ್ನಾನ ಮಾಡಿದ ದಿನ, ಸಂಕ್ರಾಂತಿಗೆ ಹದಿನೈದು ಚುಕ್ಕಿಯ ರಂಗೋಲಿಯನ್ನು ಒಂದೇ ಉಸುರಿಗೆ ಅಲ್ಲದಿದ್ದರೂ ಒಂದೇ ಕೂರಿಕೆಯಲ್ಲಿ ಮುಗಿಸಿದ ದಿನ.

ಒಂದು ವಿಷಯವನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ವರ್ಷದ ನಂತರ ಮತ್ತೆ ಕ್ಯಾಥೆಟರ್ ಹಾಕಿದಾಗ ಒತ್ತಡ 46 ಇತ್ತು. ಆರೇ ಕಡಿಮೆಯೇ ಎಂದು ಕುಸಿದು ಹೋದೆ. ನಮ್ಮ ತೆಂಗಿನ ತೋಟದ ಲೆಕ್ಕದಲ್ಲೇ ವೈದ್ಯರು ಬಿಡಿಸಿ ಹೇಳಿದರು: ಪೈಪು ಕಟ್ಟಿಕೊಂಡರೆ ಮೋಟಾರು ದಣಿಯುತ್ತದೆ. ಪೈಪು ಸ್ವಲ್ಪ ಸಡಿಲವಾದರೆ ಮೋಟಾರು ಚೇತರಿಸಿಕೊಂಡು ಹೆಚ್ಚು ನೀರು ತಳ್ಳುತ್ತದೆ. ಆಗ ಒತ್ತಡದ ಮುಳ್ಳು ಅಷ್ಟೇನೂ ಇಳಿಯುವುದಿಲ್ಲ, ಆದರೆ ನೀರು ಬುಡ ಮುಟ್ಟುತ್ತದೆ. ನನ್ನ ಹೃದಯದ ಬಲಭಾಗ ಈಗ ಹೆಚ್ಚು ರಕ್ತ ತಳ್ಳುತ್ತಿದೆ. ಅದರ ಆಯಾಸವನ್ನು ಹೇಳುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ 1,840ರಿಂದ 420ಕ್ಕೆ ಬಂದಿದೆ. ಒತ್ತಡದ ಒಂದೇ ಅಂಕಿಗೆ ಕಣ್ಣು ನೆಟ್ಟು ಕೊರಗಬೇಡಿ.

ತೊಂದರೆಗಳೂ ಇವೆ. ಮೊದಲ ಎರಡು ವಾರ ತಲೆನೋವು, ತೊಡೆ ಮತ್ತು ಸೊಂಟದ ಸೆಳೆತ, ಕಟ್ಟಿದ ಮೂಗು. ಆಂಬ್ರಿಸೆಂಟಾನಿನಿಂದ ಪಾದ ಮತ್ತೆ ಊದಿತು. ಮೈಯ ನೀರು ಇಳಿಸುವ ಮಾತ್ರೆ ಹೆಚ್ಚಿಸಿ, ಉಪ್ಪಿನಕಾಯಿ ಹಪ್ಪಳ ನಿಲ್ಲಿಸಿದ ಮೇಲೆ ಇಳಿಯಿತು. ಟಡಾಲಾಫಿಲ್ ತೆಗೆದುಕೊಳ್ಳುವವರು ಎದೆನೋವಿಗೆ ನಾಲಗೆಯ ಕೆಳಗೆ ಇಡುವ ನೈಟ್ರೇಟ್ ಮಾತ್ರೆಯನ್ನು ಮುಟ್ಟಬಾರದು ಎಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ. ಗರ್ಭ ಧರಿಸುವಂತಿಲ್ಲ ಎಂಬುದನ್ನು ಇಬ್ಬರನ್ನೂ ಕೂರಿಸಿಕೊಂಡು, ಬಾಗಿಲು ಹಾಕಿ, ಮೆಲ್ಲಗೆ ಹೇಳಿದರು. ಆ ನೋವಿಗೆ ಮಾತ್ರೆಯಿಲ್ಲ, ಆದರೆ ಹೇಳಿದ ರೀತಿಯಲ್ಲಿ ಮರ್ಯಾದೆ ಇತ್ತು.

ನನ್ನ ದೂರು ಎರಡು. ಎಕೋ ಒಂದು ಮಹಡಿ, ರಕ್ತ ಇನ್ನೊಂದು ಮಹಡಿ, ನಡುವೆ ಕೆಟ್ಟ ಲಿಫ್ಟ್. ಉಸಿರಾಡಲು ಕಷ್ಟಪಡುವವರನ್ನು ಹೀಗೆ ಅಲೆಸುವುದು ಅನ್ಯಾಯ. ಇನ್ನೊಂದು, ಅವರ ಔಷಧಾಲಯದಲ್ಲಿ ಒಮ್ಮೆ ಆಂಬ್ರಿಸೆಂಟಾನ್ ಇರಲಿಲ್ಲ, ನಾಲ್ಕು ದಿನ ಪರದಾಡಿದೆವು. ಟಡಾಲಾಫಿಲ್ ಗಂಡಸರ ಲೈಂಗಿಕ ತೊಂದರೆಗೂ ಕೊಡುವ ಮಾತ್ರೆ, ಹಾಗಾಗಿ ನಮ್ಮೂರಿನ ಅಂಗಡಿಯಲ್ಲಿ ಅದನ್ನು ಕೇಳಿದರೆ ಹುಡುಗ ನನ್ನ ಮುಖ ನೋಡುವ ಬಗೆಯೇ ಬೇರೆ. ಈಗ ವೈದ್ಯರ ಪತ್ರವನ್ನು ಮೊದಲು ಕೌಂಟರಿನ ಮೇಲಿಡುತ್ತೇನೆ, ಹದಿನೈದು ದಿನಕ್ಕೆ ಹೆಚ್ಚಿಗೆ ತಂದಿಡುತ್ತೇನೆ.

ಕೊಡ ಹೊತ್ತು ಮಹಡಿ ಹತ್ತುವುದು ಮರಳಲಿಲ್ಲ, ಕಾಯಿಲೆಯೂ ಹೋಗಿಲ್ಲ. ವೈದ್ಯರ ಗುರಿ 440 ಮೀಟರ್. ಅದಕ್ಕಾಗಿ ಮೂರನೆಯ ಮಾತ್ರೆಯ ಮಾತು ನಡೆದಿದೆ. ಬಾಕಿ ಇರುವುದು ಆ ಮೊಗಸಾಲೆಯ ಒಂದು ಉದ್ದ.