2ಜಿ ಡಬ್ಬಾ ಸೆಟ್, 4ಜಿ ಕೀಪ್ಯಾಡ್, ಸವರಿದ ಸ್ಮಾರ್ಟ್‌ಫೋನ್: ಮಲೆನಾಡಿಗೆ ಯಾವುದು?

ಸ್ಕ್ರೀನ್ ನೋಡುವುದು ಕಡಿಮೆ ಆಗಲಿ ಅಂತ ಕೀಪ್ಯಾಡ್ ಫೋನಿಗೆ ಬದಲಾದವರು ಎಷ್ಟೋ ಜನ ತಿಂಗಳೊಳಗೆ ಹಳೇ ಫೋನನ್ನೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಅವರ ಮನಸ್ಸು ಗಟ್ಟಿಯಿಲ್ಲ ಅಂತಲ್ಲ. ಮನೆಯೊಳಗೆ ರೇಂಜ್ ಸಿಗಲಿಲ್ಲ, ಅಂಗಡಿಯಲ್ಲಿ ದುಡ್ಡು ಕೊಡಲು ಆಗಲಿಲ್ಲ, ಅಡಿಕೆ ರೇಟಿನ ಗ್ರೂಪ್ ಕೈತಪ್ಪಿತು. ಈ ಮೂರರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಪೇಟೆಯವರಿಗೆ ಹೇಳುವ ಸಲಹೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಾಗೇ ಹೊಂದುವುದಿಲ್ಲ. ಇಲ್ಲಿ ಮೊದಲು ನೋಡಬೇಕಾದ್ದು ಸಿಗ್ನಲ್, ಆಮೇಲೆ ಫೋನು.

ಬರೀ ಕರೆ-ಮೆಸೇಜಿನ 2ಜಿ ಡಬ್ಬಾ ಸೆಟ್, 4ಜಿ ಕೀಪ್ಯಾಡ್, ಬೇಡದ ಆ್ಯಪ್‌ಗಳನ್ನು ಸವರಿ ತೆಗೆದ ಸ್ಮಾರ್ಟ್‌ಫೋನ್, ಈ ಮೂರು ದಾರಿಗಳನ್ನೂ ಮಳೆಗಾಲದಲ್ಲಿ, ಬೇಸಿಗೆಯಲ್ಲಿ, ಶಿವಮೊಗ್ಗ ಪೇಟೆಯಲ್ಲಿ, ಗುಡ್ಡದ ಬುಡದ ಒಂಟಿ ಮನೆಯಲ್ಲಿ ಬಳಸಿ ನೋಡಿ ಬರೆದ ಹೋಲಿಕೆ ಇದು. ಲೈಟ್ ಫೋನ್‌ನಂಥ ವಿದೇಶಿ ಮಿನಿಮಲ್ ಫೋನುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದರಲ್ಲಿ ವಾಟ್ಸಾಪ್ ಇಲ್ಲ, ಯುಪಿಐ ಇಲ್ಲ, ಕೆಟ್ಟರೆ ಇಲ್ಲಿ ರಿಪೇರಿ ಇಲ್ಲ. ಅಷ್ಟು ದುಡ್ಡು ಕೊಟ್ಟು ತರಿಸಿಕೊಂಡರೂ ಸಾವಿರ ಚಿಲ್ಲರೆಯ ಕೀಪ್ಯಾಡ್ ಸೆಟ್ ಮಾಡುವ ಕೆಲಸಕ್ಕಿಂತ ಹೆಚ್ಚೇನೂ ನಮ್ಮ ಊರಲ್ಲಿ ಅದು ಮಾಡುವುದಿಲ್ಲ.

ಮೊದಲು ಮನೆಯ ಸಿಗ್ನಲ್ ನೋಡಿ

ಫೋನ್ ಕೊಳ್ಳುವ ಮೊದಲು ಅರ್ಧ ಗಂಟೆಯ ಕೆಲಸ ಒಂದಿದೆ. ಈಗಿರುವ ಸ್ಮಾರ್ಟ್‌ಫೋನಿನಲ್ಲಿ ವೈಫೈ ಪೂರ್ತಿ ಆಫ್ ಮಾಡಿ. ಜಗಲಿ, ಅಡುಗೆಮನೆ, ಮಲಗುವ ಕೋಣೆ, ಕೊಟ್ಟಿಗೆ, ತೋಟ, ಹೀಗೆ ಐದು ಕಡೆ ನಿಂತು ಬೇರೆಯವರಿಂದ ಕರೆ ಮಾಡಿಸಿ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ '2ಜಿ ಮಾತ್ರ' ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ ಅದೇ ಐದು ಕಡೆ ಮತ್ತೊಮ್ಮೆ ನೋಡಿ.

ಈ ಪರೀಕ್ಷೆ ಮಾಡಿದ ಹಲವು ಮನೆಗಳಲ್ಲಿ ಗೊತ್ತಾಗುವ ಸಂಗತಿ ಒಂದೇ: ಇಷ್ಟು ದಿನ ಮನೆಯೊಳಗೆ ಬರುತ್ತಿದ್ದ ಕರೆಗಳು ಟವರಿನಿಂದ ಬಂದವಲ್ಲ, ಫೈಬರ್ ಇಂಟರ್ನೆಟ್‌ನ ಮೇಲೆ ವೈಫೈ ಕಾಲಿಂಗ್ ಆಗಿ ಬಂದವು. ಬಹುಪಾಲು ಕೀಪ್ಯಾಡ್ ಫೋನುಗಳಲ್ಲಿ ವೈಫೈ ಇಲ್ಲವೇ ಇಲ್ಲ. ಇಂಥ ಮನೆಗೆ ಅದನ್ನು ತಂದರೆ ಫೋನು ದಿಬ್ಬ ಹತ್ತಿದಾಗ ಮಾತ್ರ ಫೋನು. ವಯಸ್ಸಾದವರು ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

2ಜಿ ಡಬ್ಬಾ ಸೆಟ್

ಸ್ಕ್ರೀನ್ ಸಮಯ ಇಳಿಸುವುದರಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ನೋಡಲು ಏನೂ ಇಲ್ಲವಾದ್ದರಿಂದ ಕೈ ತಾನಾಗಿ ಜೇಬಿಗೆ ಹೋಗುವ ಅಭ್ಯಾಸ ಮೊದಲ ವಾರದಲ್ಲೇ ಸಡಿಲಾಗುತ್ತದೆ. ಮಳೆಯಲ್ಲಂತೂ ಇದೇ ಮೇಲು. ಒದ್ದೆ ಕೈಯಲ್ಲಿ ಟಚ್ ಸ್ಕ್ರೀನ್ ಮಾತು ಕೇಳುವುದಿಲ್ಲ. ಇದರಲ್ಲಿ 5ರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಹೆಬ್ಬೆರಳಿಗೆ ಅದು ತಾಗಿದರೆ ಸಾಕು, ರೇನ್‌ಕೋಟಿನ ಜೇಬಿನೊಳಗಿಂದಲೇ ನೋಡದೆ ನಂಬರ್ ಒತ್ತಬಹುದು. ಸ್ಪೀಡ್ ಡಯಲ್‌ನಲ್ಲಿ 2ಕ್ಕೆ ಮನೆ, 3ಕ್ಕೆ ಕೆಲಸದವರು ಅಂತ ಇಟ್ಟುಕೊಂಡರೆ ಒಂದು ಗುಂಡಿ ಒತ್ತಿ ಹಿಡಿಯುವಷ್ಟೇ ಕೆಲಸ.

ಬ್ಯಾಟರಿ ಸಾವಿರ ಎಂಎಎಚ್ ಆಸುಪಾಸು. ಪೇಟೆಯಲ್ಲಿ ವಾರ ಬರುತ್ತದೆ, ಕಣಿವೆಯಲ್ಲಿ ಎರಡು ಮೂರು ದಿನವಷ್ಟೇ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಟವರ್ ಹುಡುಕುತ್ತಾ, ಹೆಚ್ಚು ಶಕ್ತಿಯಲ್ಲಿ ಕೂಗುತ್ತಾ ಇರುತ್ತದೆ. ಎರಡು ಸಿಮ್ ಹಾಕಿ ಅದರಲ್ಲೊಂದಕ್ಕೆ ರೇಂಜೇ ಇಲ್ಲದಿದ್ದರೆ ಇನ್ನೂ ಬೇಗ ಖಾಲಿ. ಸಿಗದ ಸಿಮ್ಮನ್ನು ಮೆನುವಿನಲ್ಲಿ ಆಫ್ ಮಾಡಿ, ಬ್ಯಾಟರಿ ತಾಳಿಕೆ ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಇನ್ನು ತೊಡಕುಗಳು. ಜಿಯೊಗೆ 2ಜಿ ಇಲ್ಲ, ಆದ್ದರಿಂದ ಜಿಯೊ ಸಿಮ್ ಇದರಲ್ಲಿ ನಡೆಯುವುದೇ ಇಲ್ಲ. ಏರ್‌ಟೆಲ್, ಬಿಎಸ್‌ಎನ್‌ಎಲ್, ವಿಐ ಸಿಮ್ ಆಗಬೇಕು. ಕನ್ನಡದ ಮೆಸೇಜು ಇಂಗ್ಲಿಷಿನ ಹಾಗೆ 160 ಅಕ್ಷರ ಹಿಡಿಯುವುದಿಲ್ಲ, 70ಕ್ಕೇ ಮುಗಿಯುತ್ತದೆ. ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಬರೀ ಚೌಕ ಚೌಕ ಕಾಣುತ್ತದೆ. ಅಂಗಡಿಯಲ್ಲೇ ಒಂದು ಕನ್ನಡ ಎಸ್‌ಎಂಎಸ್ ಕಳಿಸಿ ನೋಡಿಕೊಂಡು ಬನ್ನಿ.

ದುಡ್ಡು ಕೊಡುವುದಕ್ಕೆ ಎರಡು ದಾರಿ ಇವೆ. *99# ಒತ್ತಿದರೆ ಇಂಟರ್ನೆಟ್ ಇಲ್ಲದೆ ಯುಪಿಐ ನಡೆಯುತ್ತದೆ, ಒಂದು ಸಲಕ್ಕೆ ಮಿತಿ 5,000 ರೂಪಾಯಿ. ಪಿನ್ ಮಾಡಿಕೊಳ್ಳಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಬೇಕು. ನಿಧಾನವಾಗಿ ಓದುತ್ತಾ ಕೂತರೆ ಮೆನು ಅಷ್ಟರಲ್ಲೇ ಮುಚ್ಚಿಕೊಂಡು ಮೊದಲಿಂದ ಶುರು ಮಾಡಬೇಕಾಗುತ್ತದೆ, ಹಾಗಾಗಿ ಒತ್ತಬೇಕಾದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪಿನ್ ಮಾತ್ರ ಬರೆಯಬೇಡಿ. ಇನ್ನೊಂದು, ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಶುರು ಮಾಡಿದ ಯುಪಿಐ 123ಪೇ. 080-45163666ಕ್ಕೆ ಕರೆ ಮಾಡಿ, ದನಿ ಹೇಳಿದಂತೆ ಗುಂಡಿ ಒತ್ತಿದರಾಯಿತು. ಇದರ ಮಿತಿ 5,000ದಿಂದ 10,000ಕ್ಕೆ ಏರಿದೆ. ಆಳಿಗೆ ಕೂಲಿ ಕಳಿಸಲು, ಮಕ್ಕಳಿಗೆ ಖರ್ಚಿಗೆ ಹಾಕಲು ಇವು ಧಾರಾಳ ಸಾಕು. ಆದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಿಂದೆ ನಾಲ್ಕು ಜನ ನಿಂತಿರುವಾಗ ಕ್ಯೂಆರ್ ಹಾಳೆಗೆ ಇವು ಬದಲಿಯಲ್ಲ. ಕಿಸೆಯಲ್ಲಿ ನೋಟು ಇರಲೇಬೇಕು.

ಹವಾಮಾನಕ್ಕೆ ಆ್ಯಪ್ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ, 92433 45433, ಕನ್ನಡದಲ್ಲೇ ಮಳೆ ಮಾಹಿತಿ ಕೊಡುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಬಿಸಿಲು ಕಾಯುವಾಗ ಡಬ್ಬಾ ಸೆಟ್ಟಿನಿಂದಲೂ ಕೇಳಿಕೊಳ್ಳಬಹುದು.

4ಜಿ ಕೀಪ್ಯಾಡ್

ಮೇಲಿನದರ ಗುಣವೆಲ್ಲ ಇದಕ್ಕೂ ಇದೆ. ಜೊತೆಗೆ ಜಿಯೊ ಸಿಮ್ ನಡೆಯುತ್ತದೆ, ದನಿ ಸ್ಪಷ್ಟ. 2023ರಲ್ಲಿ 999 ರೂಪಾಯಿಗೆ ಬಂದ ಜಿಯೊ ಭಾರತ್ ಇವುಗಳಲ್ಲಿ ಅಗ್ಗ, ಆದರೆ ಬೇರೆ ಕಂಪನಿಯ ಸಿಮ್ ಅದರಲ್ಲಿ ನಡೆಯದು. ನಾಳೆ ನಿಮ್ಮ ಗುಡ್ಡಕ್ಕೆ ಬೇರೆ ಟವರ್ ಬಂದರೆ ಫೋನನ್ನೇ ಬದಲಿಸಬೇಕು. ಸಿಮ್ ಲಾಕ್ ಇಲ್ಲದ ಸೆಟ್‌ಗೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು.

ಕೊಳ್ಳುವಾಗ ಎಡವುವುದು ಬ್ಯಾಂಡ್‌ನಲ್ಲಿ, ಅಂದರೆ ಫೋನು ಯಾವ ತರಂಗ ಹಿಡಿಯುತ್ತದೆ ಅನ್ನುವುದರಲ್ಲಿ. ಬಿಎಸ್‌ಎನ್‌ಎಲ್ 4ಜಿಗೆ ಬಳಸುವ ತರಂಗಗಳಲ್ಲಿ 700 ಮೆಗಾಹರ್ಟ್ಸ್ ಮುಖ್ಯವಾದದ್ದು, ಮರಗಿಡ ದಾಟಿ ದೂರ ಹೋಗುವುದು ಅದೇ. ಅದನ್ನು ಹಿಡಿಯಲು ಫೋನಿನಲ್ಲಿ ಬ್ಯಾಂಡ್ 28 ಇರಬೇಕು. ಅಗ್ಗದ ಸೆಟ್ಟುಗಳಲ್ಲಿ ಇದು ಇಲ್ಲದೇ ಹೋಗಬಹುದು. ಡಬ್ಬಿಯ ಮೇಲೆ '4ಜಿ' ಅಂತ ದಪ್ಪಗೆ ಬರೆದದ್ದನ್ನು ನಂಬದೆ ಒಳಗಿನ ಚೀಟಿಯಲ್ಲಿ ಬ್ಯಾಂಡ್ ಸಂಖ್ಯೆ ಓದಿ. ನಿಮ್ಮ ಸಿಮ್ ಹಾಕಿ ಅಂಗಡಿಯಲ್ಲೇ ಒಂದು ಕರೆ ಮಾಡಿ. ಕರೆ ಮಾಡಿದ ಕೂಡಲೇ ಮೇಲಿನ 4ಜಿ ಗುರುತು 2ಜಿಗೆ ಇಳಿದರೆ ವೋಲ್ಟೆ, ಅಂದರೆ 4ಜಿ ಮೇಲೆಯೇ ಕರೆ ಹೋಗುವ ಸೌಲಭ್ಯ, ಕೂಡಿಲ್ಲ ಎಂದರ್ಥ.

ವಾಟ್ಸಾಪ್ ಬರುತ್ತದೆ ಅಂತ ಕೈಓಎಸ್ ಎಂಬ ತಂತ್ರಾಂಶದ ಹಳೇ ಕೀಪ್ಯಾಡ್ ಫೋನನ್ನು ಸೆಕೆಂಡ್ ಹ್ಯಾಂಡಲ್ಲಿ ಕೊಳ್ಳಬೇಡಿ. ಕೈಓಎಸ್‌ನಲ್ಲಿ ವಾಟ್ಸಾಪ್ ಹೊಸದಾಗಿ ಹಾಕಿಕೊಳ್ಳುವುದು 2024ರ ಜೂನ್‌ನಲ್ಲೇ ನಿಂತಿದೆ.

ರೀಚಾರ್ಜ್ ಲೆಕ್ಕ ಇಲ್ಲಿ ಲಾಭದ್ದು. ಡೇಟಾ ಇಲ್ಲದೆ ಕರೆ-ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮ ಮಾಡಿದ ಮೇಲೆ, 2025ರ ಜನವರಿಯಲ್ಲಿ 84 ದಿನಕ್ಕೆ ಜಿಯೊ 448, ಏರ್‌ಟೆಲ್ 469 ರೂಪಾಯಿಯ ಪ್ಯಾಕ್ ತಂದವು. ಅಂಗಡಿಯವರು ತಾವಾಗಿ ಇದನ್ನು ಹೇಳುವುದು ಕಡಿಮೆ, ಕೇಳಿ ಹಾಕಿಸಿಕೊಳ್ಳಿ.

ಸವರಿದ ಸ್ಮಾರ್ಟ್‌ಫೋನ್

ಇದ್ದ ಫೋನಿನ ರೆಂಬೆ ಕೊಂಬೆ ಸವರಿ ಕಾಂಡ ಮಾತ್ರ ಬಿಡುವ ದಾರಿ ಇದು. ಖರ್ಚಿಲ್ಲ, ವೈಫೈ ಕಾಲಿಂಗ್ ಉಳಿಯುತ್ತದೆ, ಯುಪಿಐ ಉಳಿಯುತ್ತದೆ. ಆದರೆ ಅರೆಬರೆ ಮಾಡಿದರೆ ಮೂರೂ ದಾರಿಗಳಲ್ಲಿ ಮೊದಲು ಸೋಲುವುದೂ ಇದೇ.

ಡಿಜಿಟಲ್ ವೆಲ್‌ಬೀಯಿಂಗ್‌ನ ಆ್ಯಪ್ ಟೈಮರ್ ಒಂದನ್ನೇ ನಂಬಿದರೆ ಕೆಲಸ ಆಗುವುದಿಲ್ಲ. ಸಮಯ ಮುಗಿದ ಕೂಡಲೇ ಅದನ್ನು ತೆಗೆದುಹಾಕುವ ದಾರಿ ಎರಡೇ ಬೆರಳೊತ್ತಿನ ದೂರದಲ್ಲಿದೆ, ಬೆರಳು ಅದನ್ನು ಬೇಗ ಕಲಿತುಬಿಡುತ್ತದೆ. ಮಾಡಬೇಕಾದ್ದು ಈ ಕ್ರಮದಲ್ಲಿ: ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಅನ್‌ಇನ್‌ಸ್ಟಾಲ್ ಮಾಡಿ, ಬ್ರೌಸರಿನಲ್ಲೂ ಲಾಗೌಟ್ ಮಾಡಿ. ಯೂಟ್ಯೂಬ್ ಹೆಚ್ಚಿನ ಫೋನುಗಳಲ್ಲಿ ಅನ್‌ಇನ್‌ಸ್ಟಾಲ್ ಆಗುವುದಿಲ್ಲ, ಡಿಸೇಬಲ್ ಆಗುತ್ತದೆ. ಅದು ಬೇಕೇ ಬೇಕಾದರೆ ವಾಚ್ ಹಿಸ್ಟರಿಯನ್ನು ಅಳಿಸಿ ಆಫ್ ಮಾಡಿ, ಮುಖಪುಟ ಖಾಲಿಯಾಗುತ್ತದೆ, ಹುಡುಕಿದ್ದು ಮಾತ್ರ ಸಿಗುತ್ತದೆ. ಆಮೇಲೆ ಫೋನಿನ ಮುಖಪುಟವನ್ನೇ ಬದಲಿಸುವ ಓಲಾಂಚರ್ ಆ್ಯಪ್ ಹಾಕಿ. ಉಚಿತ, ಜಾಹೀರಾತಿಲ್ಲ, ಚಿತ್ರಗಳಿಲ್ಲದೆ ಬರೀ ಹೆಸರುಗಳ ಪಟ್ಟಿ, ಮುಖಪುಟದಲ್ಲಿ ಹೆಚ್ಚೆಂದರೆ ಎಂಟು. ಕರೆ, ಮೆಸೇಜ್, ಯುಪಿಐ, ಕ್ಯಾಮೆರಾ, ಈ ನಾಲ್ಕು ಸಾಕು. ವಾಟ್ಸಾಪ್ ಅನ್ನು ಮುಖಪುಟದಲ್ಲಿ ಇಡಬೇಡಿ. ಗ್ರೂಪುಗಳನ್ನೆಲ್ಲ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ, ಫೋಟೊ-ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಯಾವ ಬಗೆಯ ರೇಟೂ ದಿನಕ್ಕೊಮ್ಮೆ ಸಂಜೆ ನೋಡಿದರೆ ಸಾಕು. ಅರ್ಧ ಗಂಟೆಗೊಮ್ಮೆ ನೋಡಿದರೆ ಕ್ವಿಂಟಲಿಗೆ ಹತ್ತು ರೂಪಾಯಿಯೂ ಏರುವುದಿಲ್ಲ.

ಕೊನೆಯದಾಗಿ ಪ್ಲೇ ಸ್ಟೋರ್. ಅದನ್ನೇ ಡಿಸೇಬಲ್ ಮಾಡಿದರೆ ಬ್ಯಾಂಕ್ ಆ್ಯಪ್ ಅಪ್‌ಡೇಟ್ ಕೇಳಿ ನಿಂತುಬಿಡುತ್ತದೆ, ಅದೂ ದುಡ್ಡು ಕೊಡಬೇಕಾದ ಹೊತ್ತಿನಲ್ಲೇ. ಬದಲಿಗೆ ಆ್ಯಪ್ ಲಾಕ್ ಹಾಕಿ, ಪಿನ್ನನ್ನು ಮನೆಯ ಇನ್ನೊಬ್ಬರು ಇಟ್ಟುಕೊಳ್ಳಲಿ. ಇಡೀ ಏರ್ಪಾಡಿನಲ್ಲಿ ಬಲವಾದ ಬೀಗ ಇದೊಂದೇ.

ಬಣ್ಣ ತೆಗೆದು ಕಪ್ಪು-ಬಿಳಿ ಮಾಡುವುದು ನಿಜಕ್ಕೂ ಫಲ ಕೊಡುತ್ತದೆ, ರೀಲ್ಸ್‌ನ ಸೆಳೆತ ಅರ್ಧ ಹೋಗುತ್ತದೆ. ಆದರೆ ಎಲೆಚುಕ್ಕಿ ರೋಗ ಬಂದ ಅಡಿಕೆ ಸೋಗೆಯ ಫೋಟೊ ಯಾರಾದರೂ ಕಳಿಸಿದರೆ ಸುತ್ತಲ ಹಳದಿ ಯಾವುದು, ನಡುವಿನ ಕಂದು ಯಾವುದು ತಿಳಿಯುವುದಿಲ್ಲ. ತೋಟ ಇರುವವರು ಗ್ರೇಸ್ಕೇಲ್ ಗುಂಡಿಯನ್ನು ಮೇಲಿಂದ ಎಳೆಯುವ ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಬೇಕಾದಾಗ ಬಣ್ಣ ತಂದುಕೊಂಡು ಮತ್ತೆ ತೆಗೆಯಬಹುದು.

ಕರೆಂಟಿನ ವಿಷಯ ಮರೆಯಬೇಡಿ. ಕರೆಂಟ್ ಹೋದರೆ ರೂಟರ್ ಸತ್ತು ವೈಫೈ ಕಾಲಿಂಗೂ ಸಾಯುತ್ತದೆ. 12 ವೋಲ್ಟಿನ ಸಣ್ಣ ಯುಪಿಎಸ್ ಒಂದು ಹಾಕಿದರೆ ಕೆಲವು ಗಂಟೆ ದಾಟುತ್ತದೆ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಸಪ್ಲೈ ಬೇಕು. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಯೇ ತನ್ನಿ.

ನಮ್ಮ ಆಯ್ಕೆ

ಶಿವಮೊಗ್ಗ, ಭದ್ರಾವತಿ, ಸಾಗರ ಪೇಟೆಯೊಳಗಿನವರಿಗೆ 4ಜಿ ಕೀಪ್ಯಾಡ್ ಒಂದೇ ಸಾಕು, ಜೊತೆಗೆ ಸ್ವಲ್ಪ ನಗದು. ಹಳ್ಳಿ ಮನೆಗೆ ಎರಡೂ ಬೇಕು: ಸವರಿದ ಸ್ಮಾರ್ಟ್‌ಫೋನ್ ಜಗಲಿಯ ಗೋಡೆಗೂಡಿನಲ್ಲಿ, ಕೀಪ್ಯಾಡ್ ಕಿಸೆಯಲ್ಲಿ.

ಸಿಮ್ ಹಂಚುವುದರಲ್ಲಿ ತಪ್ಪಬೇಡಿ. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಸ್ಮಾರ್ಟ್‌ಫೋನಿನಲ್ಲೇ ಇರಲಿ, ಅದನ್ನು ತೆಗೆದು ಬೇರೆ ಫೋನಿಗೆ ಹಾಕಿದರೆ ಯುಪಿಐ ಆ್ಯಪ್ ಮತ್ತೆ ನೋಂದಣಿ ಕೇಳಬಹುದು. ಕೀಪ್ಯಾಡಿಗೆ ಎರಡನೇ ನಂಬರ್ ಹಾಕಿ. ಮನೆಯಿಂದ ಹೊರಡುವಾಗ ಸ್ಮಾರ್ಟ್‌ಫೋನಿನ ಕಾಲ್ ಸೆಟ್ಟಿಂಗ್‌ನಲ್ಲಿ ಕಾಲ್ ಫಾರ್ವರ್ಡಿಂಗ್‌ಗೆ ಹೋಗಿ 'ಯಾವಾಗಲೂ' ಎಂಬುದಕ್ಕೆ ಕೀಪ್ಯಾಡ್ ನಂಬರ್ ಕೊಡಿ, ಬಂದ ಮೇಲೆ ತೆಗೆಯಿರಿ. 'ಸಿಗದಿದ್ದಾಗ' ಎಂಬ ಆಯ್ಕೆ ಇಲ್ಲಿ ಸಾಲದು, ಏಕೆಂದರೆ ವೈಫೈನಲ್ಲಿರುವ ಫೋನು ನೆಟ್‌ವರ್ಕಿನ ಲೆಕ್ಕದಲ್ಲಿ ಸಿಗುತ್ತಲೇ ಇರುತ್ತದೆ, ಖಾಲಿ ಜಗಲಿಯಲ್ಲಿ ಹೊಡೆದುಕೊಳ್ಳುತ್ತದೆ. ಕರೆ ಮಾತ್ರ ಹೀಗೆ ತಿರುಗುತ್ತದೆ, ಓಟಿಪಿ ಮೆಸೇಜ್ ತಿರುಗುವುದಿಲ್ಲ. ಆದ್ದರಿಂದ ಬ್ಯಾಂಕು, ಆಧಾರ್, ಪಹಣಿ ಕೆಲಸಕ್ಕೆ ಹೊರಟ ದಿನ ಸ್ಮಾರ್ಟ್‌ಫೋನನ್ನೂ ಚೀಲಕ್ಕೆ ಹಾಕಿಕೊಳ್ಳಿ.