ಸ್ಕಾರ್ಪಿಯೋ ಕ್ಲಾಸಿಕ್ ಹಿಂದೆ 700 ಕೆ.ಜಿ. ಕ್ಯಾಂಪರ್: ಹಿಚ್ ಸಮೇತ ದೀರ್ಘಕಾಲದ ಬಳಕೆಯ ವಿಮರ್ಶೆ

ವಿಮರ್ಶೆ ಮೂರರದ್ದೂ ಸೇರಿ: ಡೀಸೆಲ್ ಸ್ಕಾರ್ಪಿಯೋ ಕ್ಲಾಸಿಕ್, 50 ಮಿ.ಮೀ. ಗುಂಡಿನ ಹಿಚ್ (ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದೆ ಕೂರಿಸುವ ಜೋಡಣೆ), ಸಾಮಾನು ತುಂಬಿದಾಗ 700 ಕೆ.ಜಿ. ಆಸುಪಾಸು ತೂಗುವ ಒಂಟಿ ಆಕ್ಸಲ್ ಕ್ಯಾಂಪರ್, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಟ್ರೇಲರ್. ಓಡಾಟ ದಾವಣಗೆರೆಯಿಂದ ಸೂಳೆಕೆರೆ, ಕೊಂಡಜ್ಜಿ, ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಗೆ. ಬಹುಪಾಲು ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಅಂಕ ಮೊದಲೇ ಹೇಳಿಬಿಡುವುದಾದರೆ, ಗಾಡಿಗೆ ಐದಕ್ಕೆ ನಾಲ್ಕೂವರೆ, ಕ್ಯಾಂಪರಿಗೆ ನಾಲ್ಕು. ಹಿಚ್‌ನ ಗುಂಡಿಗೆ ಐದು, ಅದನ್ನು ಚಾಸಿಗೆ ಕೂರಿಸಿದ ಸ್ಥಳೀಯ ಫ್ಯಾಬ್ರಿಕೇಶನ್ ಕೆಲಸಕ್ಕೆ ಎರಡು.

ಎಳೆಯುವ ಗಾಡಿ ಹುಡುಕುವವರೆಲ್ಲ ಮೊದಲು ಕೇಳುವುದು ಬಿಎಚ್‌ಪಿ, ಅಂದರೆ ಎಂಜಿನ್ ಶಕ್ತಿ. 700 ಕೆ.ಜಿ. ಎಳೆಯಲು ಅದು ದೊಡ್ಡ ಪ್ರಶ್ನೆಯೇ ಅಲ್ಲ. ಬೊಲೆರೊದ 210 ಎನ್‌ಎಂ ಟಾರ್ಕ್ (ಎಂಜಿನ್ ತಿರುಚುವ ಬಲ) ಕೂಡ ಎಳೆಯುತ್ತದೆ, ಏರಿನಲ್ಲಿ ಗೇರ್ ಇಳಿಸಬೇಕು ಅಷ್ಟೇ. ಸ್ಕಾರ್ಪಿಯೋದ 300 ಎನ್‌ಎಂ ಈ ತೂಕಕ್ಕೆ ಧಾರಾಳ. ನೋಡಬೇಕಾದದ್ದು ಬೇರೆ: ಲ್ಯಾಡರ್ ಚಾಸಿ (ಏಣಿಯಂಥ ಉಕ್ಕಿನ ಚೌಕಟ್ಟು) ಇದೆಯೇ, ಎಂಜಿನ್ ಹಿಂದಿನ ಚಕ್ರ ತಿರುಗಿಸುವ ಗಾಡಿಯೇ, ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) ಎಷ್ಟು, ಹಿಂದಿನ ಆಕ್ಸಲ್‌ನಿಂದ ಗುಂಡು ಎಷ್ಟು ದೂರ. ಗುಂಡಿನ ಮೇಲೆ ಭಾರ ಕೂತಾಗ ಮುಂಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಹಾಗಾಗಿ ಮುಂಚಕ್ರ ಎಳೆಯುವ ಕಾರು ಒದ್ದೆ ಏರಿನಲ್ಲಿ ಜಾರುತ್ತದೆ. ಹಿಂಚಕ್ರದ ಗಾಡಿಗೆ ಅದೇ ಭಾರದಿಂದ ಲಾಭ. ಥಾರ್‌ಗೂ 300 ಎನ್‌ಎಂ ಇದೆ, ಆದರೆ ವೀಲ್‌ಬೇಸ್ 2,450 ಮಿ.ಮೀ. ಸ್ಕಾರ್ಪಿಯೋ ಮತ್ತು ಬೊಲೆರೊ ಎರಡರದ್ದೂ 2,680. ಗಿಡ್ಡ ಗಾಡಿಯನ್ನು ಟ್ರೇಲರ್ ಅಲ್ಲಾಡಿಸುವುದು ಸುಲಭ. ಇಸುಜು ವಿ-ಕ್ರಾಸ್‌ನ 3,095 ಮಿ.ಮೀ. ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನ, ಆದರೆ ದಾವಣಗೆರೆಯ ಹಳೇಪೇಟೆ ಗಲ್ಲಿಗಳಲ್ಲಿ ಅಷ್ಟು ಉದ್ದದ ಪಿಕಪ್ ತಿರುಗಿಸುವವರಿಗೆ ನನ್ನ ನಮಸ್ಕಾರ.

ಶೋರೂಮಿನಲ್ಲಿ ಯಾರೂ ಹೇಳದ ಒಂದು ಸಂಗತಿ ಸ್ಟೆಪ್ನಿಯದ್ದು. ಬೊಲೆರೊ, ಥಾರ್‌ಗಳ ಹಿಂಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ಸ್ಟೆಪ್ನಿ ಅದರ ಮೇಲೇ ಇರುತ್ತದೆ. ಕ್ಯಾಂಪರ್ ಸಿಕ್ಕಿಸಿದ ಮೇಲೆ ಬಾಗಿಲು, ಕ್ಯಾಂಪರಿನ ಮುಂತುದಿಯನ್ನು ಏರಿಸಿ ಇಳಿಸುವ ಜಾಕಿ ಚಕ್ರದ ಹಿಡಿಗೆ ಬಡಿಯಬಹುದು. ಸ್ಕಾರ್ಪಿಯೋದ ಬಾಗಿಲು ಮೇಲಕ್ಕೆ ಏಳುವುದರಿಂದ ಆ ತಲೆನೋವಿಲ್ಲ. ಆದರೆ ಸ್ಟೆಪ್ನಿ ಗಾಡಿಯ ಅಡಿಯಲ್ಲಿದೆ. ಹಿಚ್‌ನ ಅಡ್ಡಪಟ್ಟಿ ತಪ್ಪು ಜಾಗದಲ್ಲಿ ಬಂದರೆ ಚಕ್ರ ಕೆಳಗಿಳಿಯುವುದೇ ಇಲ್ಲ. ಹಿಚ್ ಕೂರಿಸಿದ ಕೂಡಲೇ, ವರ್ಕ್‌ಶಾಪ್ ಬಿಡುವ ಮೊದಲು, ಸ್ಟೆಪ್ನಿಯನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ ನೋಡಿ.

ಇನ್ನು ಹಿಚ್. ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರ ವೆಲ್ಡಿಂಗ್ ಕೈ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕೈಗೆ ಒಗ್ಗಿದ್ದು ಪಿನ್ನು ಮತ್ತು ಕಣ್ಣಿನ ಜೋಡಣೆ. ಟ್ರ್ಯಾಕ್ಟರ್ ವೇಗಕ್ಕೆ ಆ ಸಡಿಲು ನಡೆಯುತ್ತದೆ, 70 ಕಿ.ಮೀ. ವೇಗದಲ್ಲಿ ಪ್ರತಿ ಬ್ರೇಕಿಗೂ ಕ್ಯಾಂಪರ್ ಹಿಂದಿನಿಂದ ಗುದ್ದುತ್ತದೆ. ಗುಂಡು ಮತ್ತು ಅದರ ಮೇಲೆ ಕೂರುವ ಕ್ಯಾಂಪರಿನ ಕಪ್ಲರ್ ಜೋಡಿಯೇ ಬೇಕು ಎಂದು ಪಟ್ಟು ಹಿಡಿಯಿರಿ. ಚಾಸಿಗೆ ನೇರ ವೆಲ್ಡಿಂಗ್ ಬೇಡವೇ ಬೇಡ: ಬಿಸಿ ತಾಗಿದ ಅಂಚಿನಲ್ಲಿ ಲೋಹ ದುರ್ಬಲವಾಗಿ, ಬಿರುಕು ಬಿಡುವುದು ಅಲ್ಲಿಂದಲೇ. ಎರಡೂ ಚಾಸಿ ಹಳಿಗಳಿಗೆ 8 ಮಿ.ಮೀ. ಪ್ಲೇಟ್, 10.9 ಗ್ರೇಡಿನ ಎಂ12 ಬೋಲ್ಟ್, ಪೆಟ್ಟಿಗೆ ಆಕಾರದ ಹಳಿಯಾದರೆ ಒಳಗೆ ಸ್ಪೇಸರ್ ಕೊಳವೆ. ಸ್ಪೇಸರ್ ಇಲ್ಲದೆ ಬಿಗಿದರೆ ಹಳಿ ಒಳಕ್ಕೆ ನುಗ್ಗಿ, ಬೋಲ್ಟ್ ಬಿಗಿಯಾದಂತೆ ಕಂಡು ವಾರದಲ್ಲಿ ಸಡಿಲಾಗುತ್ತದೆ. ಎರಡೇ ಅಂಕ ಕೊಟ್ಟದ್ದು ಈ ಕಾರಣಕ್ಕೇ: ಮೊದಲು ಸಿಕ್ಕ ಕೆಲಸದಲ್ಲಿ ಸ್ಪೇಸರ್ ಇರಲಿಲ್ಲ, ಬೋಲ್ಟ್ ತಲೆಯ ಮೇಲೆ ಗ್ರೇಡ್ ಗುರುತೂ ಇರಲಿಲ್ಲ. ಸರಿಯಾಗಿ ಕೂರಿಸಿದ ಮೇಲೂ ಮೊದಲ 100 ಕಿ.ಮೀ.ಗೆ ಒಮ್ಮೆ, 1,000ಕ್ಕೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಬೇಕು. ಬಂಪರಿನ ಟೋಯಿಂಗ್ ಕೊಕ್ಕೆ ಕೆಟ್ಟ ಗಾಡಿ ಎಳೆಯಲು ಇರುವುದು; ಅದಕ್ಕೆ ಟ್ರೇಲರ್ ಸಿಕ್ಕಿಸುವಂತಿಲ್ಲ.

ಗುಂಡಿನ ಅಳತೆಯಲ್ಲಿ ಉದಾಸೀನ ಸಲ್ಲ. ಮಾರುಕಟ್ಟೆಯಲ್ಲಿ ಕಾಣುವುದು ಮೂರು: 50 ಮಿ.ಮೀ., 2 ಇಂಚು ಅಂದರೆ 50.8 ಮಿ.ಮೀ., ಮತ್ತು 1⅞ ಇಂಚು ಅಂದರೆ 47.6 ಮಿ.ಮೀ. 50ರ ಗುಂಡಿಗೆ 2 ಇಂಚಿನ ಕಪ್ಲರ್ ಹಾಕಿದರೆ ಗಡಗಡ ಶಬ್ದ. 50.8ರ ಗುಂಡಿಗೆ 50ರ ಕಪ್ಲರ್ ಪೂರ್ತಿ ಕೂರುವುದೇ ಇಲ್ಲ. ಅಪಾಯ ಇರುವುದು 47.6ರಲ್ಲಿ: ಲಾಕ್ ಬಿದ್ದಂತೆ ಕಾಣುತ್ತದೆ, ಹಂಪ್ ಹಾರಿದಾಗ ಕಳಚಿಕೊಳ್ಳುತ್ತದೆ. ಸಿಕ್ಕಿಸಿದ ಮೇಲೆ ಜಾಕಿ ಚಕ್ರವನ್ನು ಕೆಳಕ್ಕೆ ತಿರುಗಿಸಿ. ಗಾಡಿಯ ಹಿಂಭಾಗ ಕಪ್ಲರ್ ಜೊತೆಗೇ ಮೇಲೆದ್ದರೆ ಲಾಕ್ ನಿಜವಾಗಿ ಬಿದ್ದಿದೆ. ಸುರಕ್ಷಾ ಸರಪಳಿ ಎರಡನ್ನೂ ಮೂಕಿಯ (ಕ್ಯಾಂಪರಿನ ಮುಂಚಾಚಿದ ಕಂಬಿ) ಕೆಳಗೆ ಒಂದನ್ನೊಂದು ದಾಟಿಸಿ ಹಾಕಿ. ಕಪ್ಲರ್ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಅವುಗಳ ಮೇಲೆ ಕೂರುತ್ತದೆ.

ಎಲ್ಲಕ್ಕಿಂತ ಮುಖ್ಯ ಮುಂಭಾರ, ಅಂದರೆ ಕಪ್ಲರ್ ಗುಂಡಿನ ಮೇಲೆ ಹೇರುವ ಭಾರ. ಎತ್ತಿನ ಗಾಡಿಯಲ್ಲಿ ಹಿಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲು ಬಿಟ್ಟು ಏಳುವಂತೆ, ಇಲ್ಲೂ ಮುಂಭಾರ ಸಾಲದಿದ್ದರೆ ಕ್ಯಾಂಪರ್ ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿದು ಅತ್ತಿತ್ತ ಬೀಸತೊಡಗುತ್ತದೆ. ಒಟ್ಟು ತೂಕದ 10 ಶೇಕಡಾ ಗುಂಡಿನ ಮೇಲಿರಲಿ: 700ಕ್ಕೆ 70 ಕೆ.ಜಿ. ಒಟ್ಟು ತೂಕಕ್ಕೆ ಎಪಿಎಂಸಿ ಕಡೆಯ ಯಾವುದಾದರೂ ವೇ ಬ್ರಿಡ್ಜ್ ಸಾಕು. ಮೆಕ್ಕೆಜೋಳದ ಸೀಸನ್‌ನಲ್ಲಿ ಮಾತ್ರ ಹೋಗಬೇಡಿ, ಲಾರಿ ಸಾಲು ಕರಗುವುದಿಲ್ಲ. ಮುಂಭಾರಕ್ಕೆ ಮಾತ್ರ ವೇ ಬ್ರಿಡ್ಜ್ ಬೇಡ. ಅದು ಐದು ಹತ್ತು ಕಿಲೋಗಳ ಮೆಟ್ಟಿಲಲ್ಲಿ ತೋರಿಸುತ್ತದೆ, ಇಲ್ಲಿ ಐದು ಕಿಲೋ ದೊಡ್ಡದು. ಮನೆಯ ತೂಕದ ಯಂತ್ರ ನೆಲದ ಮೇಲಿಟ್ಟು, ಗುಂಡಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಮರದ ತುಂಡಿನ ಮೇಲೆ ಕಪ್ಲರ್ ಕೂರಿಸಿ ಓದಿಕೊಳ್ಳಿ. ಎತ್ತರ ತಪ್ಪಿದರೆ ಅಂಕಿಯೂ ತಪ್ಪು. ನೀರಿನ ಟ್ಯಾಂಕ್ ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ತೂಗಿ: 60 ಲೀಟರ್ ಎಂದರೆ 60 ಕಿಲೋ, ಟ್ಯಾಂಕ್ ಆಕ್ಸಲ್‌ನ ಹಿಂದಿದ್ದರೆ ತುಂಬಿದಾಗ ಮುಂಭಾರ ಇಳಿಯುತ್ತದೆ. 14.2 ಕೆ.ಜಿ.ಯ ಮನೆ ಸಿಲಿಂಡರ್ ತುಂಬಿದಾಗ ಹತ್ತಿರಹತ್ತಿರ 30 ಕೆ.ಜಿ.; ಅದನ್ನು ಮೂಕಿಯ ಮೇಲಿಟ್ಟರೆ ಮುಂಭಾರ ಜಿಗಿಯುತ್ತದೆ. 5 ಕೆ.ಜಿ.ಯ ಸಣ್ಣ ಸಿಲಿಂಡರ್ ಸಾಕು.

ಚಿತ್ರದುರ್ಗದ ಗಾಳಿಯಂತ್ರದ ಗುಡ್ಡಗಳ ಕಡೆ ಆಷಾಢದಲ್ಲಿ ಬೀಸುವ ಅಡ್ಡಗಾಳಿಯಲ್ಲಿ ಈ ಲೆಕ್ಕದ ಬೆಲೆ ತಿಳಿಯುತ್ತದೆ. ಲಾರಿ ದಾಟುವಾಗ ಮೊದಲು ಕ್ಯಾಂಪರ್ ತಳ್ಳಿಸಿಕೊಂಡು, ಮರುಕ್ಷಣ ಒಳಕ್ಕೆ ಸೆಳೆಸಿಕೊಳ್ಳುತ್ತದೆ. ಓಲಾಟ ಶುರುವಾದರೆ ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಡಿ; ಗಾಡಿಯ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಿ ನೇರ ಮಾಡಿಕೊಳ್ಳಲೂ ಹೋಗಬೇಡಿ. 80 ನನ್ನ ಮಿತಿ, ಗಾಳಿ ಇದ್ದರೆ 60. ಮೈಲೇಜ್ ಕುಸಿಯುವುದೂ 80 ದಾಟಿದ ಮೇಲೆಯೇ, ಅದು ತೂಕಕ್ಕಿಂತ ಪೆಟ್ಟಿಗೆ ಆಕಾರದ ಖರ್ಚು.

ಯುರೋಪಿನಲ್ಲಿ ಟ್ರೇಲರ್‌ಗೆ ಬ್ರೇಕ್ ಕಡ್ಡಾಯವಾಗುವುದು 750 ಕೆ.ಜಿ. ದಾಟಿದ ಮೇಲೆ. ಸರ್ವಿಸ್ ರಸ್ತೆಗಳಲ್ಲಿ ಬಣ್ಣವಿಲ್ಲದ ಹಂಪ್‌ಗಳಿರುವ ನಮ್ಮಲ್ಲಿ 500 ದಾಟಿದರೇ ಓವರ್‌ರನ್ ಬ್ರೇಕ್ (ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಹಿಡಿಯುವ ಬ್ರೇಕ್) ಇರಲಿ ಎಂಬುದು ನನ್ನ ಅಭಿಪ್ರಾಯ. ಆಟೋ ರಿವರ್ಸ್ ಇಲ್ಲದ ಹಳೆಯ ಮಾದರಿ ಹಿಂದಕ್ಕೆ ತಳ್ಳಿದರೆ ಬ್ರೇಕ್ ಹಿಡಿದು ನಿಲ್ಲುತ್ತದೆ, ಡ್ರೈವರ್ ತಿಳಿಯದೆ ಕ್ಲಚ್ ಸುಡುತ್ತಾನೆ. ಭದ್ರಾ ಕಾಲುವೆಯ ಏರಿ ರಸ್ತೆಗಳಿಗೆ ಕ್ಯಾಂಪರ್ ಸಮೇತ ಇಳಿಯಲೇಬೇಡಿ, ತಿರುಗಿಸಲು ಜಾಗವಿಲ್ಲ. ಜೋಗಿಮಟ್ಟಿಯ ತಿರುವುಗಳಿಗೂ ಇದೇ ಮಾತು.

ವೈರಿಂಗ್‌ನಲ್ಲಿ ಕೆಡುವುದು ಬಹುತೇಕ ಒಂದೇ: ಅರ್ಥ್, ಅಂದರೆ ಕರೆಂಟ್ ಮರಳುವ ತಂತಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಮಿನುಗಿದರೆ ಏಳು ಪಿನ್ ಸಾಕೆಟ್‌ನ 3ನೇ ಪಿನ್, ಬಿಳಿ ತಂತಿ, ಅಲ್ಲಿಂದ ಹುಡುಕಲು ಶುರುಮಾಡಿ. ಎಡ ಇಂಡಿಕೇಟರ್ 1 ಹಳದಿ, ಬಲ 4 ಹಸಿರು, ಬ್ರೇಕ್ ದೀಪ 6 ಕೆಂಪು. ಸಾಕೆಟ್ ಒಳಗೆ ಎರೆಮಣ್ಣಿನ ಕೆಸರು ಒಣಗಿದರೆ ಪಿನ್ ಹಸಿರುಗಟ್ಟುತ್ತದೆ. ಮಳೆಗಾಲಕ್ಕೆ ಮುಂಚೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ.

ಕಾಗದದ ವಿಷಯ: ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಬೇರೆಯೇ ವಾಹನ, ಬೇರೆಯೇ ನೋಂದಣಿ ಬೇಕು. ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಹಿಚ್ ಹಾಕಿಸಿದ್ದನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ.

ನಿರ್ವಹಣೆ ಹೆಚ್ಚೇನಿಲ್ಲ. ನಿಲ್ಲಿಸಿದಾಗಲೆಲ್ಲ ಚಕ್ರದ ಹಬ್ ಮುಟ್ಟಿ ನೋಡಿ. ಒಂದು ಕಡೆ ಮಾತ್ರ ಸುಡುತ್ತಿದ್ದರೆ ಬೇರಿಂಗ್ ಅಥವಾ ಹಿಡಿದ ಬ್ರೇಕ್. ವರ್ಷಕ್ಕೊಮ್ಮೆ ಬೇರಿಂಗ್ ಗ್ರೀಸ್ ಬದಲಿಸಿ. ಸಾದಾ ಕಪ್ಲರ್ ಆದರೆ ಗುಂಡಿಗೆ ಗ್ರೀಸ್ ಬೇಕು. ಘರ್ಷಣೆಯಿಂದ ಓಲಾಟ ತಡೆಯುವ ಸ್ಟೆಬಿಲೈಸರ್ ಕಪ್ಲರ್ ಆದರೆ ಗುಂಡು ಒಣಗಿರಬೇಕು, ಗ್ರೀಸ್ ತಾಗಿದರೆ ಅದರ ಕೆಲಸವೇ ನಿಲ್ಲುತ್ತದೆ. ಗುಂಡಿನ ವ್ಯಾಸವನ್ನು ವರ್ನಿಯರ್‌ನಲ್ಲಿ, ಗಾಡಿಯ ಉದ್ದಕ್ಕೂ ಅಡ್ಡಕ್ಕೂ ಎರಡು ಬಾರಿ ಅಳೆಯಿರಿ. ಯಾವುದೇ ಒಂದು 49 ಮಿ.ಮೀ.ಗೆ ಇಳಿದರೆ ಗುಂಡು ಬದಲಿಸಿ, ಕಪ್ಲರ್‌ನ ಒಳಮೈಯನ್ನೂ ಅದೇ ದಿನ ಪರೀಕ್ಷಿಸಿ.